ಭತ್ತದ ಹೊಟ್ಟಿನಲ್ಲಿ ಬಂದ ಬರ್ಫ

ಆ ಬೇಸಿಗೆ ನಮ್ಮ ಮನೆಯಲ್ಲಿ ಸಂಜೆ ಒಲೆ ಹಚ್ಚುತ್ತಿರಲಿಲ್ಲ. ಅವ್ವ ಹೆರಿಗೆಗೆಂದು ಸುರಪುರದ ತವರಿಗೆ ಹೋಗಿದ್ದಳು. ಶಹಾಪುರದ ಬಾಡಿಗೆ ಮನೆಯಲ್ಲಿ ಅಪ್ಪ, ಒಂಬತ್ತು ವರ್ಷದ ನಾನು, ಮನೆ ನೋಡಿಕೊಳ್ಳಲು ದೇವಾಪುರದಿಂದ ಬಂದಿದ್ದ ಅಪ್ಪನ ತಾಯಿ, ಇಷ್ಟೇ ಜನ. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಹಗಲೆಲ್ಲ ಕಾದ ಗುಡ್ಡದ ಬಂಡೆಗಳು ಸಂಜೆಗೆ ಆ ಕಾವನ್ನೆಲ್ಲ ಊರ ಮೇಲೆ ಬಿಡುತ್ತಿದ್ದವು. ಅಂಥ ಹೊತ್ತಿನಲ್ಲಿ ಒಲೆಯ ಮುಂದೆ ಕೂರುವವರಿಗೆ ಬುದ್ಧಿ ಇಲ್ಲ ಎಂಬುದು ಆಯಿಯ ಮಾತು.

ಅವಳು ಬೆಳಿಗ್ಗೆಯೇ ಜೋಳದ ನುಚ್ಚು ಕುದಿಸಿ ಮಣ್ಣಿನ ಗಡಿಗೆಗೆ ಹಾಕಿ, ಗಡಿಗೆಗೆ ಒದ್ದೆ ಅರಿವೆ ಸುತ್ತಿ ನೀರಿನ ಹರವಿಗಳ ನಡುವೆ ಇಡುತ್ತಿದ್ದಳು. ಸಂಜೆ ಅದಕ್ಕೆ ಮಜ್ಜಿಗೆ ಹೊಯ್ದು, ಉಪ್ಪು, ಜಜ್ಜಿದ ಬಳ್ಳೊಳ್ಳಿ, ಜೀರಿಗೆ ಹಾಕಿ ಕಲಸುವಳು. ಉಳ್ಳಾಗಡ್ಡಿಯನ್ನು ಹೆಚ್ಚುತ್ತಿರಲಿಲ್ಲ, ಅಂಗೈಯಿಂದ ಗುದ್ದಿ ಒಡೆಯುತ್ತಿದ್ದಳು. ಜೊತೆಗೆ ಶೇಂಗಾ ಹಿಂಡಿ, ಎಳೆ ಸೌತೆಕಾಯಿ. ಕಚೇರಿಯಿಂದ ಬಂದ ಅಪ್ಪ ಅಂಗಿ ಕಳಚಿ ಕಟ್ಟೆಯ ಮೇಲೆ ಕೂತು ಎರಡು ಬಟ್ಟಲು ಕುಡಿದು, ಮೂರನೆಯದನ್ನು ನಿಧಾನವಾಗಿ ಉಣ್ಣುತ್ತಿದ್ದ.

ಆಯಿ ಯಾರನ್ನೂ ನಂಬುತ್ತಿರಲಿಲ್ಲ. ರಜಾಕಾರರ ಕಾಲದಲ್ಲಿ ದೇವಾಪುರದ ನಮ್ಮವರು ಕುರಿಗಳನ್ನು ಹೊಡೆದುಕೊಂಡು ಹೋಗಿ ಹಳ್ಳದ ಆಚೆಯ ಪೊದೆಗಳಲ್ಲಿ ಅಡಗಿದ್ದರಂತೆ. ಆ ಜಾಗ ಗೊತ್ತಿದ್ದುದು ಊರಿನ ನಾಲ್ಕಾರು ಮನೆಯವರಿಗೆ ಮಾತ್ರ. ಆದರೂ ಮೂರನೆಯ ದಿನ ಬಂದೂಕಿನವರು ನೇರ ಅಲ್ಲಿಗೇ ಬಂದರು. ಕುರಿಗಳೆಲ್ಲ ಹೋದವು. ಯಾರು ಹೇಳಿಕೊಟ್ಟರು ಎಂಬುದು ಕೊನೆಗೂ ತಿಳಿಯಲಿಲ್ಲ. ಅಂದಿನಿಂದ ಆಯಿ ಎಲ್ಲರ ಮುಖವನ್ನೂ ಒಂದು ಗಳಿಗೆ ಹೆಚ್ಚು ನೋಡುತ್ತಿದ್ದಳು. ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮರ ರಾಜ್ಯ ಹೋಗಿ, ಎರಡು ಬೇಸಿಗೆ ಕಳೆದಿದ್ದರೂ ಆ ನೋಟ ಹೋಗಿರಲಿಲ್ಲ.

ಪಕ್ಕದ ಮನೆಗೆ ಹೊಸಬರು ಬಂದದ್ದು ಆಗಲೇ. ಗಂಡ ಧಾರವಾಡದ ಕಡೆಯ ಅಧಿಕಾರಿ. ಉರ್ದುವಿನಲ್ಲಿದ್ದ ದಫ್ತರುಗಳನ್ನು ಕನ್ನಡಕ್ಕೆ ತರಿಸುವ ಕೆಲಸಕ್ಕೆ ಬಂದಿದ್ದರು. ಹಳೆಯ ಕಾರಕೂನರಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಎಂಬುದನ್ನೂ ಅವರೇ ಬರೆದು ಕಳಿಸುತ್ತಾರೆ ಎಂದು ಕಚೇರಿಯಲ್ಲಿ ಗುಸುಗುಸು. ಅಪ್ಪನೂ ಅಂಥ ಹಳೆಯ ಕಾರಕೂನ, ಕಲಿತದ್ದೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಲು ಕೂತರೆ ಒತ್ತಕ್ಷರಗಳು ಕೈಗೆ ಸಿಗುತ್ತಿರಲಿಲ್ಲ. ಊಟವಾದ ಮೇಲೆ ನನ್ನ ಪಾಟಿ ಇಸಿದುಕೊಂಡು, ಹೊರಗಿನವರಿಗೆ ಕಾಣದಂತೆ ಗೋಡೆಯ ಕಡೆ ತಿರುಗಿ ಬರೆಯುತ್ತಿದ್ದ. ನಾನು ತಪ್ಪು ತಿದ್ದುತ್ತಿದ್ದೆ.

"ಬಾಜೂ ಮನ್ಯಾಗ ಕಚೇರಿ ಮಾತು ಎತ್ತಬ್ಯಾಡ್ರಿ," ಎಂದು ಅಪ್ಪ ನಮ್ಮಿಬ್ಬರಿಗೂ ಹೇಳಿದ್ದ.

ಅಧಿಕಾರಿಯ ಹೆಂಡತಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. ಒಂದು ದಿನ ಹಿತ್ತಲ ಗೋಡೆಯ ಮೇಲಿಂದ ಮುಖ ತೋರಿಸಿ, "ಆಯಿಯವರ, ನಿಮ್ಮ ಮಗ ಸಂಜೀ ಮುಂದ ದಿನಾ ಏನು ಬರೀತಿರ್ತಾರ?" ಎಂದು ಕೇಳಿದಳು.

"ಲೆಕ್ಕ ಬರೀತಾನ್ರಿ, ಮಗಳದು," ಎಂದು ಆಯಿ ತಟ್ಟನೆ ಹೇಳಿದಳು. ಆಕೆ ಹೋದ ಮೇಲೆ ನನ್ನತ್ತ ತಿರುಗಿ, "ಯಾಕ ಕೇಳ್ತಾಳ ಆಕಿ? ಆಕಿಗೇನು ಆಗಬೇಕಾಗ್ಯಾದ?" ಎಂದಳು.

ಆದರೂ ನೆರೆಯವರೆಂದು ಆಯಿ ಒಂದು ಸಂಜೆ ಹಿತ್ತಾಳೆಯ ಚರಿಗೆಯಲ್ಲಿ ನುಚ್ಚು ಮಜ್ಜಿಗೆ ಕೊಟ್ಟು ಕಳಿಸಿದಳು. ಆಕೆ ನಗುತ್ತಲೇ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ಆಯಿ ಗೋಡೆಯ ಕಿಂಡಿಯಿಂದ ನೋಡಿದಾಗ, ಆಕೆ ಅದನ್ನೆಲ್ಲ ಬೀದಿಯ ಆಕಳಿನ ಮುಂದೆ ಸುರಿಯುತ್ತಿದ್ದಳು. ಆಯಿ ನನ್ನನ್ನೂ ಕರೆದು ತೋರಿಸಿದಳು. ತೊಳೆದು ವಾಪಸು ಬಂದ ಚರಿಗೆಯನ್ನು ಮತ್ತೊಮ್ಮೆ ಬೂದಿ ಹಾಕಿ ತಿಕ್ಕಿಟ್ಟಳು.

ಅನಂತರ ಆಯಿಗೆ ಆ ಮನೆಯದೇ ಧ್ಯಾನ. ವಾರಕ್ಕೊಮ್ಮೆ ಯಾದಗಿರಿಯಿಂದ ಬರುವ ಬಸ್ಸಿನ ಡ್ರೈವರ್ ಅವರ ಬಾಗಿಲಲ್ಲಿ ಒಂದು ಗೋಣಿಚೀಲ ಇಳಿಸುತ್ತಿದ್ದ. ಚೀಲದ ತಳ ಒದ್ದೆಯಾಗಿರುತ್ತಿತ್ತು. ಬಸ್ಸಿನಿಂದ ಬಾಗಿಲಿನವರೆಗೆ ಮಣ್ಣಿನಲ್ಲಿ ಹನಿಗಳ ಸಾಲು. ಆ ದಿನ ಆಕೆ ಅಂಗಡಿಯಿಂದ ಹರಳುಪ್ಪು ತರಿಸುತ್ತಿದ್ದಳು, ಇಬ್ಬರ ಸಂಸಾರಕ್ಕೆ ತಿಂಗಳಿಗೆ ಸಾಲುವಷ್ಟು. ಆಮೇಲೆ ಬಾಗಿಲು ಹಾಕಿಕೊಳ್ಳುವರು. ಒಳಗಿನಿಂದ ಗರಗರ ಎಂದು ತಿರುಗುವ ಸದ್ದು. ಬೀಸುಕಲ್ಲಿನ ಸದ್ದಲ್ಲ, ಕಬ್ಬಿಣದ್ದು.

"ಉಪ್ಪು ಯಾಕ ಬೇಕು ಅಷ್ಟು? ಏನೋ ಸತ್ತದ್ದು ಕೆಡದಂಗ ಇಡಾಕತ್ತಾರ," ಎಂದು ಆಯಿ ಒಮ್ಮೆ ಹೇಳಿದಳು. ಇನ್ನೊಮ್ಮೆ, "ಅದು ಬಂದೂಕಿನ ಸಾಮಾನು," ಎಂದಳು. ಅಪ್ಪ ನಗಲಿಲ್ಲ. ಅವನಿಗೂ ಆ ಮನೆಯ ಭಯ ಇತ್ತು, ಬೇರೆಯ ಕಾರಣಕ್ಕೆ.

ಹೀಗಿರುವಾಗ ಒಂದು ದಿನ ಇಳಿಹೊತ್ತಿಗೆ ಬಸ್ಸು ಬಂದಾಗ ಪಕ್ಕದ ಮನೆಗೆ ಬೀಗ. ಆಕೆ ಬೇರೊಂದು ಓಣಿಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಡ್ರೈವರ್ ಚೀಲವನ್ನು ನಮ್ಮ ಕಟ್ಟೆಯ ಮೇಲಿಟ್ಟು, "ಅಮ್ಮಾ, ಬಾಜೂ ಮನಿ ಬಾಯಾರಿಗಿ ಕೊಡ್ರಿ. ಬಿಸಲಾಗ ಇಡಬ್ಯಾಡ್ರಿ," ಎಂದು ಹೇಳಿ ಅವಸರದಲ್ಲಿ ಹೊರಟೇಬಿಟ್ಟ.

ಆಯಿ ಚೀಲದ ಸುತ್ತ ಎರಡು ಸುತ್ತು ಹಾಕಿದಳು. ಮೂಗು ಹತ್ತಿರ ತಂದು ನೋಡಿದಳು. ವಾಸನೆ ಇರಲಿಲ್ಲ. ಆಮೇಲೆ ಅದನ್ನು ಹಿತ್ತಲಿಗೆ ಎಳೆದೊಯ್ದು, ಬಾಯಿಯ ಹುರಿ ಬಿಚ್ಚಿದಳು.

"ಆಯಿ, ಬ್ಯಾಡ," ಎಂದೆ ನಾನು.

"ಸುಮ್ಮನಿರು. ನಮ್ಮ ಕಟ್ಟಿ ಮ್ಯಾಲ ಏನು ಇಟ್ಟಾರಂತ ನಮಗ ಗೊತ್ತಾಗಬೇಕಲ್ಲ? ನಾಳಿ ಏನಾರ ಆದರ ನಮ್ಮ ಮ್ಯಾಲ ಬರ್ತದ."

ಒಳಗೆ ಭತ್ತದ ಹೊಟ್ಟು. ಆಯಿ ಮೊಣಕೈವರೆಗೆ ಕೈ ಇಳಿಸಿದವಳು ಚೀರಿ ಹಿಂದಕ್ಕೆಳೆದುಕೊಂಡಳು. "ಸುಡತದ!" ಎಂದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿ, "ಸುಡಂಗಿಲ್ಲ... ಕಚ್ಚತದ," ಎಂದಳು. ಚೀಲ ಬೋರಲು ಹಾಕಿದಾಗ ಹೊಟ್ಟಿನ ಜೊತೆ ಒಂದು ದೊಡ್ಡ ಬಿಳಿಯ ಕಲ್ಲು ಹೊರಳಿ ಬಿತ್ತು. ಅಂಚುಗಳಲ್ಲಿ ಗಾಜಿನ ಹಾಗೆ ಹೊಳೆಯುತ್ತಿತ್ತು. ನಾನೂ ಆಯಿಯೂ ಅಂಥದ್ದನ್ನು ಅದುವರೆಗೆ ಕಂಡಿರಲಿಲ್ಲ.

ಒಳಗೇನಾದರೂ ಅಡಗಿಸಿದ್ದಾರೆಯೇ ಎಂದು ನೋಡಲು ಆಯಿ ಒನಕೆ ತಂದು ಎರಡು ಏಟು ಹಾಕಿದಳು. ಅದು ಹತ್ತಾರು ಚೂರಾಯಿತು. ಒಳಗೆ ಏನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚಿನ ಅನುಮಾನಕ್ಕೆ ಕಾರಣವಾಯಿತು. ಚೂರುಗಳನ್ನೆಲ್ಲ ಮೊರದಲ್ಲಿ ತುಂಬಿ, ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಒಂದು ಕಲ್ಲು ಹೇರಿದಳು. "ನಿಮ್ಮಪ್ಪ ಬಂದು ನೋಡಲಿ. ಅಲ್ಲೀತನ ಮುಟ್ಟೀಯ, ಜ್ವಾಕಿ," ಎಂದು ಹೇಳಿ, ಯಾರಾದರೂ ಬರುತ್ತಾರೇನೋ ಎಂದು ಮುಂಬಾಗಿಲಲ್ಲಿ ಹೋಗಿ ಕೂತಳು.

ಒಂದು ಚೂರು ಮೊರದಿಂದ ಹೊರಗೆ ಹೊಟ್ಟಿನಲ್ಲಿ ಬಿದ್ದಿತ್ತು. ಅದನ್ನೆತ್ತಿ ನಾನು ನಾಲಿಗೆಗೆ ತಾಗಿಸಿದೆ. ನಾಲಿಗೆ ಅದಕ್ಕೆ ಅಂಟಿಕೊಂಡಿತು! ಸತ್ತೇ ಹೋದೆ ಎಂದುಕೊಂಡೆ. ಬಿಡಿಸಿಕೊಂಡ ಮೇಲೆ ಬಾಯಿ ತುಂಬ ತಂಪು. ಮತ್ತೆ ನೆಕ್ಕಿದೆ. ಉಳಿದದ್ದನ್ನು ನಾಳೆ ಗೆಳತಿಯರಿಗೆ ತೋರಿಸಬೇಕೆಂದು ನನ್ನ ತಗಡಿನ ಪೆಟ್ಟಿಗೆಯಲ್ಲಿ, ಹಬ್ಬದ ಲಂಗದ ಮಡಿಕೆಯೊಳಗೆ ಬಚ್ಚಿಟ್ಟೆ.

ಅಪ್ಪ ಬರುವ ಹೊತ್ತಿಗೆ ಬಿಸಿಲು ಗೋಡೆಯೇರಿತ್ತು. ಆಯಿ ಅವನನ್ನು ಹಿತ್ತಲಿಗೆ ಕರೆದೊಯ್ದು ಬುಟ್ಟಿ ಎತ್ತಿದಳು. ಮೊರ ಒದ್ದೆ. ಅದರ ಮೇಲೆ ನಾಲ್ಕು ಕಾಳು ಹೊಟ್ಟು. ಬೇರೇನೂ ಇಲ್ಲ. ಕಾದ ನೆಲ ನೀರನ್ನೆಲ್ಲ ಕುಡಿದುಬಿಟ್ಟಿತ್ತು.

ಆಯಿಯ ಮುಖ ಬಿಳಿಚಿತು. ನನ್ನ ರೆಟ್ಟೆ ಹಿಡಿದು, "ನೀ ತೆಗೆದೇನು? ಖರೆ ಹೇಳು!" ಎಂದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅಪ್ಪ ಬರಿದಾದ ಚೀಲವನ್ನು ಎತ್ತಿ ನೋಡಿದ. "ಯವ್ವಾ, ಸಾಹೇಬ್ರ ಮನಿ ಚೀಲ ಬಿಚ್ಚಿದ್ಯಾ? ನನ್ನ ನೌಕರಿ ಹೋಗ್ತದ ನೋಡು," ಎಂದ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದೇಬಿಟ್ಟಳು. ಬಸ್ಸಿನವನು ದಾರಿಯಲ್ಲಿ ಸಿಕ್ಕು ಹೇಳಿದ್ದನಂತೆ. ನೇರ ಹಿತ್ತಲಿಗೆ ಬಂದವಳು ಹರಡಿದ ಹೊಟ್ಟನ್ನೂ ಒನಕೆಯನ್ನೂ ನೋಡಿ ನಿಂತಳು.

"ಬಾಯಾರ," ಎಂದಳು ಆಯಿ. ಅವಳ ದನಿ ನಡುಗುವುದನ್ನು ನಾನು ಕೇಳಿದ್ದು ಅದೇ ಮೊದಲು. "ನಾ ಬಿಚ್ಚಿದ್ದು ಖರೆ. ಒಡೆದದ್ದೂ ಖರೆ. ಆದರ ಕದ್ದಿಲ್ರಿ. ದೀಪ ಮುಟ್ಟಿ ಹೇಳ್ತೀನಿ. ಕಲ್ಲು ಇಲ್ಲೇ ಇಟ್ಟಿದ್ದೆ. ಯಾರು ಒಯ್ದಾರೋ ಗೊತ್ತಿಲ್ರಿ."

"ಕಲ್ಲಂದ್ರ?" ಎಂದಳು ಆಕೆ.

ನನಗೆ ತಡೆಯಲಾಗಲಿಲ್ಲ. "ನನ್ನ ಹತ್ರ ಒಂದು ಚೂರು ಅದರಿ, ಕೊಡ್ತೀನಿ," ಎಂದು ಅಳುತ್ತ ಓಡಿಹೋಗಿ ಪೆಟ್ಟಿಗೆ ತಂದು ಎಲ್ಲರ ಮುಂದೆ ತೆರೆದೆ. ಲಂಗ ಒದ್ದೆಯಾಗಿ ಅದರ ಕೆಂಪು ಬಣ್ಣ ಬಿಳಿಯ ರವಿಕೆಗೆ ಹತ್ತಿತ್ತು. ಚೂರು ಇರಲಿಲ್ಲ. ನಾನು ಪೆಟ್ಟಿಗೆಯ ಮೂಲೆಮೂಲೆ ತಡಕಿದೆ. ಈಗ ಆಯಿ ನನ್ನನ್ನು ನೋಡಿದ ನೋಟ ಊರಿನ ಆ ನಾಲ್ಕಾರು ಮನೆಯವರನ್ನು ನೋಡುತ್ತಿದ್ದ ನೋಟವೇ.

ಆಕೆ ಬೈಯುತ್ತಾಳೆ ಎಂದುಕೊಂಡಿದ್ದೆವು. ಆಕೆ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. "ಯಾರೂ ಕದ್ದಿಲ್ಲ ಆಯಿಯವರ. ಅದು ಬರ್ಫ. ನೀರು ಗಟ್ಟಿ ಮಾಡಿದ್ದು. ಸೆಕಿಗೆ ಕರಗಿ ಹೋಗ್ತದ," ಎಂದಳು.

ಆಯಿ ನಂಬಲಿಲ್ಲ. ಅಪ್ಪ ಮೆಲ್ಲಗೆ, "ಹೌದು ಯವ್ವಾ, ಹೈದ್ರಾಬಾದದಾಗ ನಾ ಒಮ್ಮೆ ನೋಡೀನಿ," ಎಂದ ಮೇಲೆ ಮೊರವನ್ನೆತ್ತಿ ಹಿಂದೆಮುಂದೆ ನೋಡಿದಳು. ಆಮೇಲೆ ಕೇಳಿದಳು, "ನೀರಿಗಿ ಯಾರಾರ ಅಳ್ತಾರೇನ್ರಿ?"

ಆಕೆಗೆ ಆಗ ಮೂರು ತಿಂಗಳಂತೆ. ತಿಂದದ್ದೆಲ್ಲ ಕಕ್ಕುತ್ತಿದ್ದಳು. ವಾರಕ್ಕೊಮ್ಮೆ ಬರ್ಫ ತರಿಸಿ ಹಾಲು ಸಕ್ಕರೆ ಗಟ್ಟಿ ಮಾಡಿ ತಿಂದರೆ ಅದೊಂದು ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ವಾರವೆಲ್ಲ ಅದಕ್ಕೇ ಕಾಯುತ್ತಿದ್ದಳು. ಇದನ್ನೆಲ್ಲ ಕೇಳಿದ ಆಯಿ, "ನಾ ಕೊಟ್ಟ ನುಚ್ಚು ಆಕಳಿಗಿ ಹಾಕಿದ್ರಿ. ಅದನ್ನಾರ ಒಂದು ಗುಟುಕು ಕುಡಿದು ನೋಡಬೇಕಿಲ್ಲ?" ಎಂದಳು.

ಅಪ್ಪ ಬೆಚ್ಚಿದ. ಆಕೆ ತಲೆ ತಗ್ಗಿಸಿದಳು. "ಈ ಕಡೆ ಬರೋ ಮುಂದ ನಮ್ಮ ಅತ್ತಿಯವರು ಹೇಳಿದ್ರು, ಅಲ್ಲಿ ಯಾರ ಮನೀದೂ ಏನೂ ತಿನಬ್ಯಾಡ, ಯಾರು ಯಾವ ಕಡೆಯವರು ಗೊತ್ತಾಗೂದಿಲ್ಲ ಅಂತ. ನನಗ ಅಂಜಿಕಿ ಇತ್ತು, ಆಯಿಯವರ."

ಆಯಿಗೆ ಸಿಟ್ಟು ಬರಲಿಲ್ಲ. ಅತ್ತೆ ಸರಿಯಾಗಿಯೇ ಹೇಳಿದ್ದಾಳೆ ಎಂಬಂತೆ ತಲೆದೂಗಿದಳು. ಒಳಗೆ ಹೋಗಿ ಗಡಿಗೆ ತಂದು, ಆಕೆಯ ಎದುರೇ ಮಜ್ಜಿಗೆ ಹೊಯ್ದು ಕಲಸಿ, ಮೊದಲು ತಾನು ಒಂದು ಬಟ್ಟಲು ಕುಡಿದು ತೋರಿಸಿದಳು. ಬಳ್ಳೊಳ್ಳಿ ಹಾಕದೆ ಇನ್ನೊಂದು ಬಟ್ಟಲು ಆಕೆಗೆ ಕೊಟ್ಟಳು. ಆಕೆ ಚೂರುಚೂರೇ ಕುಡಿದಳು. ನಾವು ಮೂವರೂ ಆಕೆಯ ಗಂಟಲನ್ನೇ ನೋಡುತ್ತ ನಿಂತಿದ್ದೆವು. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಎರಡನೆಯ ಬಟ್ಟಲನ್ನು ಆಕೆಯೇ ಕೇಳಿದಳು.

ಮುಂದಿನ ವಾರ ಚೀಲ ಬಂದಾಗ ಆಕೆ ತನ್ನ ಯಂತ್ರವನ್ನು ನಮ್ಮ ಅಂಗಳಕ್ಕೆ ತರಿಸಿದಳು. ಒಂದು ಮರದ ಬಕೀಟು, ಅದರೊಳಗೆ ತಗಡಿನ ಡಬ್ಬಿ, ಮೇಲೆ ತಿರುಗಿಸುವ ಹಿಡಿಕೆ, ಅಷ್ಟೇ. ಡಬ್ಬಿಯಲ್ಲಿ ಕುದಿಸಿ ಆರಿಸಿದ ಹಾಲು, ಸಕ್ಕರೆ, ಮಾವಿನ ಹಣ್ಣಿನ ರಸ. ಸುತ್ತಲೂ ಒಡೆದ ಬರ್ಫ ಮತ್ತು ಹರಳುಪ್ಪು. ಉಪ್ಪು ಹಾಲಿಗೆ ಸೇರುತ್ತದೆಯೇ ಎಂದು ಆಯಿ ಮೂರು ಸಲ ಮುಚ್ಚಳ ತೆಗೆಸಿ ನೋಡಿದಳು. ಹಿಡಿಕೆಯನ್ನು ಎಲ್ಲರೂ ಸರದಿಯಂತೆ ತಿರುಗಿಸಿದೆವು. ಕೊನೆಗೆ ಬಟ್ಟಲಿಗೆ ಬಂದಾಗ ಆಯಿ, "ನೀವು ಮೊದಲು ತಿನ್ರಿ," ಎಂದಳು. ಆಕೆ ನಕ್ಕು ತಿಂದಳು. ಆಮೇಲೆ ಆಯಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಹಲ್ಲಿಗಿ ಹೊಡೀತದ," ಎಂದಷ್ಟೇ ಹೇಳಿ ಬಟ್ಟಲು ಬರಿದು ಮಾಡಿದಳು. ಅಪ್ಪ ಮಾತ್ರ ಹೊಟ್ಟೆ ಸರಿಯಿಲ್ಲ ಎಂದು ತಿನ್ನಲಿಲ್ಲ. ಸಾಹೇಬರ ಮನೆಯದು ತಿಂದರೆ ನಾಳೆ ಕಚೇರಿಯಲ್ಲಿ ಏನೆನ್ನುತ್ತಾರೋ ಎಂಬ ಯೋಚನೆ ಅವನದು.

ಆ ತಿಂಗಳ ಕೊನೆಗೆ ಅಧಿಕಾರಿ ಅಪ್ಪನನ್ನು ಕರೆದು, ಮಗಳ ಪಾಟಿಯ ಮೇಲೆ ದಿನಾ ಕನ್ನಡ ತಿದ್ದುತ್ತೀರಂತೆ, ಇನ್ನು ಮೇಲೆ ಕಚೇರಿಯಲ್ಲೇ ಕೂತು ಕಲಿಯಿರಿ ಎಂದರಂತೆ. ಅಪ್ಪನ ಕೆಲಸ ಉಳಿಯಿತು. ಅವನು ಖುಷಿಯಿಂದ ಹೇಳುತ್ತಿದ್ದರೆ ಆಯಿ ಕೇಳಿದಳು, "ಸಾಹೇಬ್ರಿಗಿ ಹೆಂಗ ಗೊತ್ತಾತು?" ಗೋಡೆಯಾಚೆಯಿಂದ ಪಾಟಿ ನೋಡಿ ಹೇಳಿದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. "ಈ ಸಲ ಚಲೋ ಮಾತು ಹೇಳ್ಯಾಳ," ಎಂದು ಆಯಿ ಹಿತ್ತಲ ಗೋಡೆಯ ಕಿಂಡಿಗೆ ಒಂದು ಹಳೆಯ ಅರಿವೆ ತುರುಕಿದಳು. ಮರುದಿನ ಸಂಜೆ ಎಂದಿನಂತೆ ನುಚ್ಚು ಮಜ್ಜಿಗೆ ಕೊಟ್ಟೂ ಕಳಿಸಿದಳು.

ಮಳೆ ಹಿಡಿಯುವ ಮುನ್ನ ಅವ್ವ ತಮ್ಮನನ್ನೆತ್ತಿಕೊಂಡು ಬಂದಳು. ಆಯಿ ದೇವಾಪುರಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಅಲ್ಲಿ ಸಂಜೆ ಕಟ್ಟೆಯ ಮೇಲೆ ಕೂಡಿದ ಹೆಂಗಸರಿಗೆ ಆಯಿ ಎಲ್ಲವನ್ನೂ ಹೇಳಿದಳು. ಕೈಗೆ ಕಲ್ಲಾಗಿರುವ ನೀರು, ಕಚ್ಚುವ ನೀರು, ಬುಟ್ಟಿಯ ಅಡಿಯಲ್ಲಿಟ್ಟರೆ ಮಾಯವಾಗುವ ನೀರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಶಹಾಪುರದ ಬಿಸಲಿಗಿ ತಲಿ ಕೆಟ್ಟದ ಮುದುಕಿದು," ಎಂದು ಒಬ್ಬಾಕೆ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಖರೆ ಅದ, ನಾನೂ ತಿಂದೀನಿ," ಎಂದೆ ನಾನು. "ಮೊಮ್ಮಗಳಿಗೂ ಕಲಿಸ್ಯಾಳ," ಎಂದು ಇನ್ನೊಬ್ಬಾಕೆ ನಕ್ಕಳು.

ಆಯಿ ಎದ್ದು ಸೀರೆಯ ಮಣ್ಣು ಝಾಡಿಸಿ, ನನ್ನ ಕೈ ಹಿಡಿದು ಮನೆಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ನಿಂತು, "ನೀ ಖರೇನ ತಿಂದಿ ಅಲ್ಲ?" ಎಂದು ಕೇಳಿದಳು. ಹೌದು ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ನಡೆದಳು.