ಎರಡು ಸೀಟಿನ ಕಾರು ಕೊಂಡ ವರ್ಷ

ನಮ್ಮ ಮನೆಯಲ್ಲಿ ಏಳು ಸೀಟಿನ ಕಾರಿತ್ತು. ಹದಿನಾರು ವರ್ಷ ಅದನ್ನು ಓಡಿಸಿದವಳು ನಾನು. ತಮ್ಮ ಡ್ರೈವಿಂಗ್ ಕಲಿಯಲೇ ಇಲ್ಲ, ಅವನ ಹೆಂಡತಿಗೆ ಸ್ಟೀರಿಂಗ್ ಕಂಡರೆ ಭಯ, ಅಪ್ಪನಿಗೆ ಮಂಡಿನೋವು. ಮಠದ ಪೂಜೆಗೆ, ನೆಂಟರ ಮದುವೆಗೆ, ಆಸ್ಪತ್ರೆಗೆ, ತಮ್ಮನ ಮಕ್ಕಳ ಸ್ಕೂಲಿಗೆ ಎಲ್ಲದಕ್ಕೂ ನಾನೇ. ತಮ್ಮನ ಮಗಳಿಗೆ ತಿರುವಿನಲ್ಲಿ ವಾಂತಿ ಬರುತ್ತಿತ್ತು, ಸೋದರತ್ತೆಗೆ ವೇಗ ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹಾಗಾಗಿ ಆ ಹದಿನಾರು ವರ್ಷದಲ್ಲಿ ಒಂದು ಸಲವೂ ನಾನು ನನಗೆ ಬೇಕಾದ ವೇಗದಲ್ಲಿ ಓಡಿಸಲಿಲ್ಲ.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಮನೆ ಪಾಲಾಯಿತು. ಜಗಳವೇನೂ ಆಗಲಿಲ್ಲ. ಅಪ್ಪನ ಜೊತೆ ಮೊದಲಿನಿಂದಲೂ ಕೊಬ್ಬರಿ ಮಂಡಿ ನೋಡಿಕೊಂಡಿದ್ದವಳು ನಾನು, ಅದು ನನಗೆ ಬಂತು, ಹಳೇ ಮನೆಯೂ ಬಂತು. ತೋಟ ತಮ್ಮನಿಗೆ. ಸಂಸಾರಸ್ಥ ಅಂತ ಕಾರೂ ಅವನಿಗೇ. ಅವನು ಅರಸೀಕೆರೆಯಲ್ಲೇ ರೈಲ್ವೆ ಲೈನಿನ ಆಚೆ ಹೊಸ ಮನೆ ಕಟ್ಟಿಕೊಂಡು ಹೋದ, ಒಬ್ಬ ಡ್ರೈವರನ್ನು ಇಟ್ಟುಕೊಂಡ. ಒಂದು ದಿನ ಮಾರ್ಕೆಟ್ ರಸ್ತೆಯಲ್ಲಿ ಆಟೋಗೆ ಕಾಯುತ್ತಾ ನಿಂತಿದ್ದಾಗ ಆ ಕಾರು ನನ್ನ ಮುಂದೆಯೇ ಹಾದುಹೋಯಿತು. ಒಳಗೆ ಎಲ್ಲರೂ ಇದ್ದರು. ನನ್ನನ್ನು ಯಾರೂ ನೋಡಲಿಲ್ಲ. ಬೇಕಂತಲೇ ಅಲ್ಲ, ಮಾತಾಡುತ್ತಿದ್ದರು ಅಷ್ಟೆ.

ಆಗ ನನಗೆ ನಲವತ್ತೊಂಬತ್ತು. ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಬಂದ ಗಂಡುಗಳು ಮಂಡಿ ಬಿಡಬೇಕು ಅಂದರು, ನಾನು ಬಿಡಲಿಲ್ಲ. ಕಾರು ಕೊಳ್ಳಬೇಕು ಅಂದುಕೊಂಡಾಗ ಎಲ್ಲರೂ ಗೇರಿಲ್ಲದ ಚಿಕ್ಕ ಕಾರು ತಗೋ ಅಂದರು. ನಾನು ಸ್ಪೋರ್ಟ್ಸ್ ಕಾರು ನೋಡುತ್ತಿದ್ದೇನೆ ಅಂದಾಗ ತಮ್ಮ ನಕ್ಕ. ಆಮೇಲೆ ನಿಜವಾಗಿಯೂ ಹೇಳುತ್ತಿದ್ದೇನೆ ಅಂತ ತಿಳಿದು, ಎರಡೇ ಸೀಟಿನ ಕಾರಲ್ಲಿ ಒಂದು ಮೂಟೆ ಕೊಬ್ಬರಿಯೂ ಹಿಡಿಯಲ್ಲ ಕಣಕ್ಕ ಅಂದ. ಮೂಟೆ ಹೊರೋಕೆ ಲಾರಿ ಇದೆಯಲ್ಲ ಅಂದೆ.

ಹೊಸದನ್ನು ನೋಡಲು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಷೋರೂಮಿನ ನೆಲ ಎಷ್ಟು ನುಣುಪಾಗಿತ್ತೆಂದರೆ ಚಪ್ಪಲಿ ಬಿಡಬೇಕೇನೋ ಅನ್ನಿಸಿತು. ಇಪ್ಪತ್ತೈದರ ಆಸುಪಾಸಿನ ಸೇಲ್ಸ್‌ನವನೊಬ್ಬ ನೀರು ತಂದುಕೊಟ್ಟು ತುಂಬಾ ಮರ್ಯಾದೆಯಿಂದ ಕೇಳಿದ. “ಮಗನಿಗಾ ಮೇಡಂ?”

ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. “ಹೌದು” ಅಂದೆ.

ಅಲ್ಲಿಂದ ಒಂದರ ಹಿಂದೆ ಒಂದು ಸುಳ್ಳು ಬಂತು. ಮಗ ಏನು ಮಾಡುತ್ತಾನೆ ಅಂತ ಕೇಳಿದ. ದನದ ಡಾಕ್ಟರಿಗೆ ಓದುತ್ತಿದ್ದಾನೆ ಅಂದೆ. ಎತ್ತರವೇ ಅಂದ, ಕಾರಿನ ಛಾವಣಿ ತಗ್ಗು ಅನ್ನುವುದಕ್ಕೆ ಕೇಳಿದ್ದು; ನನಗಿಂತ ಒಂದು ಗೇಣು ಎತ್ತರ ಅಂದೆ. ಯಾವ ಬಣ್ಣ ಇಷ್ಟ ಅಂದಾಗ ಯೋಚನೆ ಮಾಡದೆ ಹಳದಿ ಅಂದೆ. ಹಳದಿ ಕಾರೊಂದು ಅಲ್ಲೇ ನಿಂತಿತ್ತು. ಅದರಲ್ಲಿ ಕೂತು ನೋಡಿ ಮೇಡಂ, ಮಗನಿಗೆ ಹೇಳೋಕಾಗುತ್ತೆ ಅಂದ. ಕೂತೆ. ಹೊಸ ಚರ್ಮದ ವಾಸನೆ, ಮುಟ್ಟಿದರೆ ಸಾಕು ಅನ್ನುವಂಥ ಗೇರು. ವಾಪಸು ಬರುವಾಗ ರೈಲಿನ ಕಿಟಕಿ ಪಕ್ಕ ಕೂತು ನಾನು ಕಾರಿನ ಬಗ್ಗೆ ಯೋಚಿಸಲಿಲ್ಲ, ಆ ಹುಡುಗನ ಬಗ್ಗೆ ಯೋಚಿಸಿದೆ. ದನದ ಡಾಕ್ಟರಿಗೆ ಓದುವ, ಹಳದಿ ಇಷ್ಟಪಡುವ, ಇಲ್ಲದ ಹುಡುಗ.

ಮರುದಿನದಿಂದ ಸಂಜೆ ನಾಲ್ಕಕ್ಕೆ ಷೋರೂಮಿನಿಂದ ಫೋನ್ ಬರತೊಡಗಿತು. ಮಗ ಏನಂದರು ಮೇಡಂ ಅಂತ ಕೇಳುತ್ತಿದ್ದ. ಪರೀಕ್ಷೆ ನಡೀತಿದೆ ಅಂದೆ ಒಂದು ದಿನ. ಇನ್ನೊಂದು ದಿನ, ಗಂಟಲು ನೋವು, ಕಷಾಯ ಮಾಡಿಕೊಟ್ಟಿದ್ದೇನೆ ಅಂದೆ. ಮಂಡಿಯಲ್ಲಿ ಆ ಹೊತ್ತಿಗೆ ಹರಾಜು ಮುಗಿದು ಜನ ಚದುರಿರುತ್ತಾರೆ. ಮೂರೂ ಮುಕ್ಕಾಲಿಗೇ ನಾನು ಫೋನನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದೆ ಅನ್ನುವುದನ್ನು ಈಗ ಒಪ್ಪಿಕೊಳ್ಳಬಹುದು.

ಅಷ್ಟರಲ್ಲಿ ಬೇಲೂರಿನಿಂದ ಕೊಬ್ಬರಿ ಕೊಳ್ಳಲು ಬರುವ ವ್ಯಾಪಾರಿಯೊಬ್ಬರು, ತಮ್ಮೂರಿನ ಹಲ್ಲಿನ ಡಾಕ್ಟರು ಅಂಥದ್ದೇ ಕಾರು ಮಾರುತ್ತಿದ್ದಾರೆ, ಹನ್ನೊಂದು ವರ್ಷದ್ದು, ಒಂದೇ ಕೈಯಲ್ಲಿ ಓಡಿದ್ದು ಅಂದರು. ಭಾನುವಾರ ಬಸ್ಸಿನಲ್ಲಿ ಹೋದೆ. ದೇವಸ್ಥಾನದ ಹಿಂದಿನ ಬೀದಿ. ಡಾಕ್ಟರಿಗೆ ಎಪ್ಪತ್ತು ದಾಟಿತ್ತು. ಕಣ್ಣಿನ ನರ ಸೋತಿದೆ, ಇನ್ನು ಓಡಿಸಬಾರದು ಅಂದಿದ್ದಾರೆ, ಅದಕ್ಕೇ ಮಾರುತ್ತಿದ್ದೇನೆ ಅಂದರು. ಕಡುನೀಲಿ ಕಾರು, ಮೇಲೆ ಮಡಚುವ ಬಟ್ಟೆಯ ಛಾವಣಿ.

“ಯಾರಿಗಮ್ಮ ಕಾರು?”

“ನನಗೆ” ಅಂದೆ.

ಅವರು ಬೇರೇನೂ ಕೇಳದೆ ಕೀಲಿ ಕೊಟ್ಟರು.

ಹಳೇಬೀಡಿನ ಕಡೆ ಹೊರಟೆವು. ಅವರು ಎಡಗಡೆ ಕೂತಿದ್ದರು. ಎಸಿ ಸಾಲದು, ಮಳೆ ಬಂದರೆ ಛಾವಣಿ ಒಂದು ಮೂಲೆಯಲ್ಲಿ ಸೋರುತ್ತೆ, ಬಿಡಿಭಾಗ ತರಿಸಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು, ರಸ್ತೆ ಉಬ್ಬು ಕಂಡರೆ ಓರೆಯಾಗಿ ಹತ್ತಿಸಿ ಅಂತ ಕಾರಿನ ಕುಂದುಗಳನ್ನೆಲ್ಲ ತಾವೇ ಹೇಳಿದರು. ಊರು ದಾಟಿದ ಮೇಲೆ, ನಿಮಗೆ ಎಷ್ಟು ಬೇಕೋ ಅಷ್ಟು ಓಡಿಸಿ ಅಂದರು. ರಸ್ತೆ ಖಾಲಿ ಇತ್ತು. ಓಡಿಸಿದೆ. ರಾಗಿ ಹೊಲಗಳು ಹಿಂದಕ್ಕೆ ಹೋದವು. ಹಿಂದಿನಿಂದ ಯಾರೂ ನಿಧಾನ ಅನ್ನಲಿಲ್ಲ. ಎದೆಯೊಳಗೆ ಏನೋ ಬಿಚ್ಚಿಕೊಂಡ ಹಾಗಾಯಿತು, ಜೊತೆಗೇ ಅಳುವೂ ಬಂತು.

ಹಳೇಬೀಡಿನ ಕೆರೆ ಕಾಣುವಲ್ಲಿ ವೇಗ ಇಳಿಸಿದೆ. ಡಾಕ್ಟರು ಕಿಟಕಿಯ ಕಡೆ ತಿರುಗಿ ಕೂತಿದ್ದರು.

“ಹನ್ನೊಂದು ವರ್ಷ ಇದೇ ರಸ್ತೇಲಿ ಓಡಾಡಿದೀನಮ್ಮ” ಅಂದರು. “ಈ ಕಡೆ ಕೂತು ನೋಡಿರಲೇ ಇಲ್ಲ.”

ಹೆಂಡತಿ ಒಂದೇ ಸಲ ಕೂತಿದ್ದರಂತೆ. ಸೊಂಟ ನೋಯುತ್ತೆ ಅಂದವರು ಮತ್ತೆ ಹತ್ತಲಿಲ್ಲ, ಈಗ ಅವರೂ ಇಲ್ಲ.

ಬಸ್ತಿಹಳ್ಳಿಯಲ್ಲಿ ಇಳಿದೆವು. ಬಸದಿಯೊಳಗೆ ನುಣುಪು ಕಂಬದ ಮುಂದೆ ಅವರು ತುಂಬ ಹೊತ್ತು ನಿಂತರು. ಬಂದವರೆಲ್ಲ ತಮ್ಮ ಮುಖ ನೋಡಿಕೊಳ್ಳುವ ಕಂಬ ಅದು. ನನಗೇನೂ ಕಾಣ್ತಿಲ್ಲ, ನಿಮಗೆ ಕಾಣುತ್ತಾ ಅಂತ ಕೇಳಿದರು. ಸೊಟ್ಟಗೆ ಎರಡು ತಲೆ ಕಾಣುತ್ತಿದ್ದವು. ಕಾಣುತ್ತೆ, ಇಬ್ಬರೂ ಇದ್ದೀವಿ ಅಂದೆ. ಅವರು ತಲೆಯಾಡಿಸಿದರು.

ಕಾರಿಗೆ ವಾಪಸು ಬಂದಾಗ ಒಂದು ವಿಷಯ ಗಮನಿಸಿದೆ. ಬಲಗಡೆಯ ಸೀಟಿನ ಚರ್ಮ ಬಿರುಕು ಬಿಟ್ಟು, ಅಂಚು ಸವೆದು ಬೆಳ್ಳಗಾಗಿತ್ತು. ಎಡಗಡೆಯದು ಷೋರೂಮಿನಲ್ಲಿದ್ದ ಹಾಗೇ ಇತ್ತು. ಅದನ್ನು ನೋಡಿ ಹೆದರಿದೆ. ಈ ಕಾರು ತಗೊಂಡರೆ ಇವರ ಒಂಟಿತನವನ್ನೂ ತಗೊಂಡ ಹಾಗೆ ಅನ್ನಿಸಿತು. ಯೋಚಿಸಿ ಹೇಳ್ತೀನಿ ಅಂತ ಬಸ್ಸು ಹತ್ತಿದೆ. ಆ ವಾರವೆಲ್ಲ ಹೊಸದೇ ಸರಿ ಅನ್ನುತ್ತಿತ್ತು ಮನಸ್ಸು. ಹೊಸದಕ್ಕೆ ಗ್ಯಾರಂಟಿ ಇತ್ತು, ಅದು ಸೋರುವುದಿಲ್ಲ, ಅದರಲ್ಲಿ ಯಾರೂ ಒಬ್ಬರೇ ಕೂತಿರಲಿಲ್ಲ.

ಶುಕ್ರವಾರ ನಾಲ್ಕಕ್ಕೆ ಷೋರೂಮಿನವನ ಫೋನ್ ಬಂತು. ಬರುವ ಭಾನುವಾರ ಟೆಸ್ಟ್ ಡ್ರೈವ್‌ಗೆ ಕಾರು ಸಿದ್ಧ ಮಾಡಿಸಿದ್ದೇನೆ, ನಿಮ್ಮ ಮಗನನ್ನು ಕರೆದುಕೊಂಡು ಬನ್ನಿ ಅಂದ. ಆಮೇಲೆ, “ಅವರ ಹೆಸರೇನು ಮೇಡಂ? ಬುಕಿಂಗ್‌ನಲ್ಲಿ ಬರ್ಕೋಬೇಕು” ಅಂದ.

ಓದು, ಎತ್ತರ, ಬಣ್ಣ, ಗಂಟಲು ನೋವು ಎಲ್ಲ ಕೊಟ್ಟಿದ್ದೆ. ಹೆಸರಿಟ್ಟಿರಲಿಲ್ಲ. ಒಂದು ಹೆಸರು ಹೇಳುವುದು ಏನು ಕಷ್ಟ? ಬಾಯಿ ಬರಲಿಲ್ಲ. ಎದುರಿಗೆ ಮಂಡಿಯ ಅಂಗಳದಲ್ಲಿ ಹೆಂಗಸೊಬ್ಬಳು ಚೆಲ್ಲಿದ ಕೊಬ್ಬರಿ ಚೂರು ಗುಡಿಸುತ್ತಿದ್ದಳು. ಅವಳು ಅಂಗಳದ ಆ ಕೊನೆ ಮುಟ್ಟುವವರೆಗೂ ನೋಡುತ್ತಿದ್ದೆ.

“ಮಗ ಇಲ್ಲಪ್ಪ” ಅಂದೆ. “ಕಾರು ನನಗೇ. ಅವತ್ತು ಸುಳ್ಳು ಹೇಳಿದೆ.”

ಪರವಾಗಿಲ್ಲ ಮೇಡಂ, ನಿಮ್ಮ ಹೆಸರಲ್ಲೇ ಬರ್ಕೋತೀನಿ ಅಂದ. ಆ ಧ್ವನಿಯಲ್ಲಿ ಗೇಲಿ ಇರಲಿಲ್ಲ. ಗೇಲಿ ಮಾಡಿದ್ದರೆ ಬಹುಶಃ ಹಟಕ್ಕಾದರೂ ಹೋಗುತ್ತಿದ್ದೆ. ಬೇಡ ಅಂದು ಫೋನ್ ಇಟ್ಟೆ. ಮನೆಯಿಂದ ಯಾರೋ ಹೊರಟುಹೋದ ಹಾಗಾಯಿತು. ಅವತ್ತು ಒಲೆ ಹಚ್ಚಲಿಲ್ಲ.

ಎರಡು ದಿನ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ. ಆ ಮನೆಯ ಬಾಗಿಲಲ್ಲಿ ನಾನು ನಿಜ ಹೇಳಿದ್ದೆ, ಹೊಸದು ಹಳೆಯದರ ಲೆಕ್ಕಾಚಾರ ಕೊನೆಗೆ ಅಷ್ಟಕ್ಕೆ ಬಂದು ನಿಂತಿತು. ಕಾರು ತರಲು ಹೋದಾಗ ಅವರು ಗೇಟಿನವರೆಗೆ ಬಂದರು. ಇನ್ನೊಮ್ಮೆ ಕೆರೆಯವರೆಗೆ ಬರ್ತೀರಾ ಅಂತ ಕೇಳಿದೆ. ಬೇಡಮ್ಮ, ಒಂದು ಸಲ ನೋಡಿದೆನಲ್ಲ, ಸಾಕು ಅಂದರು. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ.

ಮೊದಲ ವಾರವೇ ಜಾವಗಲ್ಲಿನ ಉಬ್ಬಿನಲ್ಲಿ ಕಾರಿನ ಹೊಟ್ಟೆ ಉಜ್ಜಿತು. ಮಳೆಗಾಲದಲ್ಲಿ ಅವರು ಹೇಳಿದ ಮೂಲೆಯಲ್ಲೇ ಸೋರಿತು. ಅರಸೀಕೆರೆಯ ಮೆಕ್ಯಾನಿಕ್ ಬಾನೆಟ್ ತೆಗೆದು ನೋಡಿ, “ಇದ್ರೊಳಗೆ ಏನೈತೋ ಯಾವನಿಗ್ ಗೊತ್ತಕ್ಕ” ಅಂದ. ಆದರೂ ರಿಪೇರಿ ಮಾಡಿದ. ತಮ್ಮ ಒಮ್ಮೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಾಫಿ ಕುಡಿದು ಹೋದ. ಕಾರಲ್ಲಿ ಕೂರು ಅಂದಾಗ ಇನ್ನೊಂದು ಸಲ ಅಂದ.

ಈಗ ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಹೊರಡುತ್ತೇನೆ. ಹೋದ ವಾರ ಹುಲಿಕೆರೆಗೆ ಹೋಗಿದ್ದೆ. ಕಲ್ಯಾಣಿಯ ಹತ್ತಿರ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆ. ಮೊದಲೆಲ್ಲ ಇಂಥ ಕಡೆ ಬಂದರೆ, ಇದನ್ನು ಮನೆಗೆ ಹೋಗಿ ಯಾರಿಗೆ ಹೇಳಲಿ ಅನ್ನುವ ಯೋಚನೆ ಊಟದ ನಡುವೆಯೇ ಬರುತ್ತಿತ್ತು. ಅವತ್ತು ಬರಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ಇನ್ನೂ ತಿಳಿದಿಲ್ಲ. ಕೈ ತೊಳೆಯಲು ನೀರಿನ ಹತ್ತಿರಕ್ಕೆ ಇಳಿದೆ. ನೀರು ತಣ್ಣಗಿತ್ತು.