ಹೊತ್ತಲ್ಲದ ಹೊತ್ತಿನ ಗಂಟೆ

ಬೆಳಕು ಹರಿಯುವ ಮೊದಲೇ ಚರ್ಚಿನ ಗಂಟೆಗೋಪುರದ ಚಿಲಕ ಸರಿಯುತ್ತದೆ. ಓಣಿಗೆಲ್ಲ ಗಂಟೆಯಕ್ಕ ಎಂದೇ ಪರಿಚಿತರಾದ ಹೆಂಗಸು ತೋಳು ಮಡಚಿ ಹಗ್ಗ ಹಿಡಿಯುತ್ತಾರೆ. ಮೊದಲ ಎಳೆತಕ್ಕೆ ಜಪ್ಪಯ್ಯ ಎಂದರೂ ಗಂಟೆ ಮಿಸುಕುವುದಿಲ್ಲ. "ಏಳೋ ಸೋಮಾರಿ" ಎಂದು ಗದರಿ, ಮೈಭಾರವನ್ನೆಲ್ಲ ಹಾಕಿ ಜಗ್ಗುತ್ತಾರೆ. ಮೇಲೆ ಢಣ್ ಎನ್ನುತ್ತದೆ, ಕೆಳಗೆ ಓಣಿಯಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ.

ಅಪ್ಪ ಕೈಬಿಟ್ಟ ಹಗ್ಗವನ್ನು ಹಿಡಿದಾಗ ಅಕ್ಕನಿಗಿನ್ನೂ ಮದುವೆಯಾಗಿರಲಿಲ್ಲ. ಈಗ ಅಂಗೈ ಒರಟು, ಬಲಗಿವಿ ಮಂದ. ಚಪ್ಪಲಿ ಹೊಲಿಯುವ ಗಂಡ ಅದನ್ನು ನಂಬುವುದಿಲ್ಲ. ತಾನು ಕರೆದಾಗ ಮಾತ್ರ ಕಿವುಡು, ಪಕ್ಕದ ಮನೆಯ ಪಿಸುಮಾತೆಲ್ಲ ಚೆನ್ನಾಗಿ ಕೇಳಿಸುತ್ತದೆ ಎಂದು ರೇಗಿಸುತ್ತಾರೆ.

ಕಳೆದ ವರ್ಷ ತೀರಿಕೊಂಡ ಬಿಷಪ್ಪರ ಮಾತೆತ್ತಿದರೆ ಅಕ್ಕನ ಮುಖ ಅರಳುತ್ತದೆ. ಅವರ ಪ್ರವಚನಗಳು ದಪ್ಪ ಪುಸ್ತಕವಾಗಿವೆ. ಅಕ್ಕನಿಗೆ ನೆನಪಿರುವುದು ಅವರ ಕೆಸರಾದ ನಿಲುವಂಗಿ. ಓಣಿಯ ಮನೆಗಳನ್ನು ಕೆಡವಲು ಯಂತ್ರ ಬಂದ ಮಧ್ಯಾಹ್ನ, ಗಂಟೆ ಬಾರಿಸಲು ಹೇಳಿ, ತಾವು ಹೋಗಿ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಗಂಟೆ ಕೇಳಿದವರೆಲ್ಲ ಬಂದು ಪಕ್ಕದಲ್ಲಿ ಕೂತರು, ಚರ್ಚಿನ ಮೆಟ್ಟಿಲು ಹತ್ತದವರೂ ಕೂತರು. ಯಂತ್ರ ಬಂದ ದಾರಿ ಹಿಡಿಯಿತು. ಅಂದಿನಿಂದ ಓಣಿಗೆ ಒಂದು ಕಟ್ಟಳೆ: ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಿಡದೆ ಬಾರಿಸಿದರೆ, ಕೈಗೆಲಸ ಬಿಟ್ಟು ಬಂದು ರಸ್ತೆಯಲ್ಲಿ ಕೂರಬೇಕು.

"ಆವತ್ತು ಅವರು ನಂಗೆ ಹೇಳಿದ್ದು ಒಂದೇ ಮಾತು," ಎನ್ನುತ್ತಾರೆ ಅಕ್ಕ. "'ಹೆದರ್ಕೊಂಡು ಒಳಗೆ ಕೂತಿರ್ತಾರಲ್ಲಮ್ಮ, ಅವರಿಗೆ ಕೇಳಿಸೋ ಹಾಗೆ ಬಾರಿಸು' ಅಂದ್ರು."

ಮೊನ್ನೆ ಬಿಷಪ್ಪರ ಮೊದಲ ವರ್ಷದ ಸ್ಮರಣೆ. ಅವರ ನೆನಪಿಗೆಂದೇ ಗಂಟೆಗೆ ಮೋಟಾರು ಕೂರಿಸಲು ಚರ್ಚಿನ ಸಮಿತಿ ತೀರ್ಮಾನಿಸಿತ್ತು. ಪೂಜೆ ಮುಗಿದೊಡನೆ ಹಗ್ಗ ಬಿಚ್ಚುವುದು, ಅಕ್ಕ ಮನೆಗೆ ಹೋಗುವುದು. ಪೂಜೆಗೆ ಮೊದಲು, ಕೊನೆಯದಾಗಿ ಸಾವಿನ ಗಂಟೆಯನ್ನು ಬಿಟ್ಟು ಬಿಟ್ಟು, ಮೆಲ್ಲಗೆ ಬಾರಿಸಿ ಎಂದು ಯುವ ಪಾದ್ರಿ ಹೇಳಿದ್ದರು. ಅಕ್ಕ ತಲೆಯಾಡಿಸಿದ್ದರು.

"ಹಗ್ಗ ಹಿಡಿದಾಗ ಬಿಷಪ್ಪರ ಮುಖ ಕಣ್ಣಿಗೆ ಕಟ್ತು. ಕೈ ತಪ್ತು. ಒಂದೆರಡು ಸಲ ತಪ್ಪಿದ್ದು ಕೈ. ಆಮೇಲೆ ಬಾರಿಸಿದ್ದು ನಾನೇ, ಸುಳ್ಳು ಯಾಕೆ ಹೇಳ್ಲಿ?"

ಗಂಟೆ ಬಿಡದೆ ಬಾರಿಸಿತು, ಓಣಿ ದಡಬಡಿಸಿ ಎದ್ದಿತು. ಬಟ್ಟೆ ಒಗೆಯುತ್ತಿದ್ದವರು ನೊರೆಗೈಯಲ್ಲೇ ಬಂದರು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಬಡಗಿ ಟವೆಲು ಸುತ್ತಿಕೊಂಡೇ ಓಡಿಬಂದ. ಊರಿಗೆಲ್ಲ ಚಪ್ಪಲಿ ಹೊಲಿಯುವ ಅಕ್ಕನ ಗಂಡ ಬಂದದ್ದು ಬರಿಗಾಲಲ್ಲಿ. ಯಂತ್ರ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮೊದಲು ಕೂತರು, ಆಮೇಲೆ ನೋಡಿದರು. ಅರ್ಧ ಖಾಲಿಯಿದ್ದ ಚರ್ಚಿನಿಂದ ಹೊರಬಂದ ಪಾದ್ರಿ, ತುಂಬಿದ ರಸ್ತೆ ನೋಡಿ ದಂಗಾದರು. ಸಂಗತಿ ತಿಳಿದ ಮೇಲೂ ಬೈಯಲಿಲ್ಲ. ಮೇಜೊಂದನ್ನು ರಸ್ತೆಗೆ ತರಿಸಿ ಅಲ್ಲೇ ಪೂಜೆ ಅರ್ಪಿಸಿದರು. ಇಸ್ತ್ರಿ ಬಟ್ಟೆಯ ಸಮಿತಿಯವರೂ ಧೂಳಿನಲ್ಲೇ ಕೂತರು. ಮೋಟಾರಿನ ಪೆಟ್ಟಿಗೆ ಬಿಚ್ಚದೆ ವಾಪಸು ಹೋಯಿತು.

ಹಗ್ಗ ಸವೆದಿದೆ, ಹೊಸದೊಂದು ಕೊಡಿಸಿದರೆ ಸಾಕು ಎನ್ನುತ್ತಾರೆ ಅಕ್ಕ. ಕಿವಿಯ ಬಗ್ಗೆ ಕೇಳಿದರೆ ನಗುತ್ತಾರೆ.

"ನನ್ನ ಕಿವಿ ಹೋದ್ರೆ ಹೋಗ್ಲಿ ಬಿಡಿ. ಅವರಿಗೆಲ್ಲ ಕೇಳಿಸ್ತು ನೋಡಿ."