ಅಡುಗೆಮನೆಯಲ್ಲೊಂದು ಕಿವಿ

ಸೀಮೆಎಣ್ಣೆಯೂ ಹಿತ್ತಾಳೆಯ ಪುಡಿಯೂ ಬೆರೆತ ವಾಸನೆ ಬಂದರೆ ಬಂದೂಕು ರಿಪೇರಿಯ ಕೋವಿ ಮೇಷ್ಟ್ರಿಗೆ ಇವತ್ತಿಗೂ ಅಪ್ಪನ ಅಂಗೈ ನೆನಪಾಗುತ್ತದೆ. ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದ ಕೈ ಅದು. ಎಷ್ಟು ಸೋಪು ಹಚ್ಚಿದರೂ ವಾಸನೆ ಬಿಡುತ್ತಿರಲಿಲ್ಲ. ಈಗ ಅದೇ ವಾಸನೆ ಅವರ ಕೈಗೆ ಅಂಟಿದೆ. ಬೆಳಕು ಹರಿಯುವ ಹೊತ್ತಿಗೇ ಅವರು ಕಿಟಕಿ ಪಕ್ಕದ ಮೇಜಿಗೆ ಕೂತು, ತಮಗಿಂತ ಹಿರಿಯದಾದ ಪಿಸ್ತೂಲೊಂದರ ಜೊತೆ ಜಗಳಕ್ಕಿಳಿದಿದ್ದಾರೆ.

ಪಿಸ್ತೂಲಿನದು ಒಂದೇ ಕಾಯಿಲೆ, ಗುಂಡು ನುಂಗುವುದಿಲ್ಲ. ಹಿಡಿಯೊಳಗಿನ ಮ್ಯಾಗಜೀನ್ ಗುಂಡನ್ನು ಮೇಲೆತ್ತಿ ಕೊಡಬೇಕು, ಮೇಲೆ ಹಿಂದೆಮುಂದೆ ಜಾರುವ ಸ್ಲೈಡು ಅದನ್ನು ನಳಿಗೆಗೆ ನೂಕಬೇಕು. ಒಂದು ಸಲೀಸಾಗಿ ಹೋಗುತ್ತದೆ, ಇನ್ನೊಂದು ಮೂತಿ ತಗ್ಗಿಸಿ ನಡುದಾರಿಯಲ್ಲೇ ನಿಲ್ಲುತ್ತದೆ. ಪರೀಕ್ಷೆಗೆ ಮೇಷ್ಟ್ರು ಬಳಸುವುದು ತಾವೇ ಕಡೆದ, ಮದ್ದಿಲ್ಲದ ಹಿತ್ತಾಳೆ ಗುಂಡುಗಳನ್ನು. "ತಡೆದ್ರೆ ಮೊದಲು ಬುತ್ತಿ ನೋಡು, ಆಮೇಲೆ ಬಾಯಿ ನೋಡು ಅಂತ ಅಪ್ಪ ಹೇಳೋರು," ಎನ್ನುತ್ತಾರೆ. ಬಾಯಿಯೆಂದರೆ ನಳಿಗೆಯ ಬಾಯಿ, ಬುತ್ತಿಯೆಂದರೆ ಮ್ಯಾಗಜೀನ್. ಅದರ ಸ್ಪ್ರಿಂಗು ಬದಲಾಯಿಸಿದ್ದಾಗಿದೆ, ಗುಂಡು ಹಿಡಿಯುವ ಮೇಲಂಚಿನ ತುಟಿ ನೆಟ್ಟಗೆ ಮಾಡಿದ್ದಾಗಿದೆ. ಪಿಸ್ತೂಲು ಜಪ್ಪಯ್ಯ ಅನ್ನುತ್ತಿಲ್ಲ.

ಬಾಗಿಲ ಬಳಿಯ ಬೆಂಚಿನಲ್ಲಿ ಅದರ ಒಡತಿ, ನಿವೃತ್ತ ನರ್ಸ್, ಕೈಚೀಲ ತಬ್ಬಿ ಕೂತಿದ್ದಾರೆ. ಗುರಿಗಾರರಾಗಿದ್ದ ಅವರ ತಂದೆಯ ಪಿಸ್ತೂಲು ಇದು. ವರ್ಷಕ್ಕೊಮ್ಮೆ ಶೂಟಿಂಗ್ ಕ್ಲಬ್ಬಿನಲ್ಲಿ ಅವರು ಇದನ್ನು ಹಾರಿಸುತ್ತಾರೆ. ಇಂದು ಮಧ್ಯಾಹ್ನ ಅಲ್ಲಿ ತಪಾಸಣೆ. ಗುಂಡು ತಡೆದರೆ ನಳಿಗೆಯನ್ನು ಬೆಸುಗೆ ಹಾಕಿ ಮುಚ್ಚಿ, ಗೋಡೆಗೆ ನೇತುಹಾಕುವುದು ಕ್ಲಬ್ಬಿನ ನಿಯಮ. "ಅಪ್ಪನ ಫೋಟೋ ಇದೆ, ಕೋಟು ಇದೆ. ದನಿ ಅಂತ ಉಳಿದಿರೋದು ಇದೊಂದೇ, ಮೇಷ್ಟ್ರೇ," ಎನ್ನುತ್ತಾರೆ.

ಬೇರೆ ಅಂಗಡಿಯವರು ನಳಿಗೆಯ ಬಾಯಿಯ ಇಳಿಜಾರನ್ನು ಅರದಿಂದ ಉಜ್ಜಿಬಿಡೋಣ ಎಂದಿದ್ದರಂತೆ. "ಉಜ್ಜಿದ ಕಬ್ಬಿಣ ಮತ್ತೆ ಬೆಳೆಯೋಕೆ ಅದೇನು ಕೂದಲೇ ಅಕ್ಕಾ?" ಎಂದು ನಕ್ಕಿದ್ದರು ಮೇಷ್ಟ್ರು. ಈಗ ಬಿಸಿಲು ಮೇಜಿಗೆ ಬಂದಿದೆ. ಬೇರೆ ದಾರಿ ಕಾಣದೆ ಅವರ ಕೈಯೇ ಅರದ ಕಡೆ ಹೋಗುತ್ತದೆ.

ಒದ್ದೆ ಕೈಯೊಂದು ಬಂದು ಅವರ ಮಣಿಕಟ್ಟು ಹಿಡಿಯುತ್ತದೆ. ಹೆಂಡತಿ.

"ಅರ ಕೆಳಗಿಡಿ. ಎರಡು ಸದ್ದು ಬರ್ತಿದೆ."

"ಎಂಥಾ ಸದ್ದು?"

"ಗುಂಡು ನಿಲ್ಲೋವಾಗ ಮೊದಲು ಬುತ್ತಿಯ ತಗಡು ಕದಲತ್ತೆ, ಆಮೇಲೆ ಗುಂಡು ತಾಗತ್ತೆ. ಆಗಿನಿಂದ ಒಳಗಿಂದ ಕೂಗ್ತಿದೀನಿ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು!"

ಮಾತು ಉತ್ಪ್ರೇಕ್ಷೆಯಲ್ಲ. ಗುಂಡು ಹಾರಿಸಿ ಹಾರಿಸಿ ಮೇಷ್ಟ್ರ ಕಿವಿ ಸಣ್ಣ ಸದ್ದುಗಳನ್ನು ಎಂದೋ ಬಿಟ್ಟುಕೊಟ್ಟಿದೆ. ಅಂದಿನಿಂದ ಈ ಅಂಗಡಿಯ ಕಿವಿ ಅಡುಗೆಮನೆಯಲ್ಲಿದೆ.

ಮೇಷ್ಟ್ರು ಮ್ಯಾಗಜೀನಿನ ತಳವನ್ನು ಹೆಬ್ಬೆರಳಿನಿಂದ ಮೇಲಕ್ಕೊತ್ತಿ ಹಿಡಿದು ಸ್ಲೈಡು ಎಳೆಯುತ್ತಾರೆ. ಗುಂಡು ಒಳಗೆ. ಮತ್ತೆ ಎಳೆಯುತ್ತಾರೆ. ಅದೂ ಒಳಗೆ. ಮ್ಯಾಗಜೀನನ್ನು ಹಿಡಿದಿಡುವ ಪುಟ್ಟ ಕೊಕ್ಕೆ ಸವೆದು, ಇಡೀ ಮ್ಯಾಗಜೀನೇ ಕೂದಲೆಳೆಯಷ್ಟು ಕೆಳಗೆ ಜೋತುಬಿದ್ದಿತ್ತು. ನಳಿಗೆಯದು ಯಾವ ತಪ್ಪೂ ಇಲ್ಲ. "ಬುತ್ತಿ ನೋಡಿದೆ, ಅದನ್ನ ತೂಗುಹಾಕಿದ ಮೊಳೆ ನೋಡಲಿಲ್ಲ," ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

"ಇದನ್ನೆಲ್ಲ ಯಾವಾಗ ಕಲಿತ್ರಮ್ಮಾ?" ನರ್ಸ್‌ಗೆ ಅಚ್ಚರಿ.

"ಕಲಿಯೋದೇನು ಬಂತು? ಒಂದು ಕಿವೀಲಿ ಕುಕ್ಕರು, ಇನ್ನೊಂದರಲ್ಲಿ ಇವರು. ಎರಡರಲ್ಲಿ ಯಾವುದು ಕೆಟ್ಟರೂ ಊಟ ಇಲ್ವಲ್ಲ!"

ಹೊಸ ಕೊಕ್ಕೆ ಕಡೆದು ಕೂರಿಸುವಷ್ಟು ಹೊತ್ತೂ ಹೆಂಡತಿಯೇ ದೀಪ ಹಿಡಿದು ನಿಲ್ಲುತ್ತಾರೆ. ಹಿತ್ತಿಲಿನ ಮರಳುಪೆಟ್ಟಿಗೆಗೆ ನಿಜವಾದ ಗುಂಡುಗಳನ್ನು ಹಾರಿಸಿದಾಗ ಒಂದೂ ತಡೆಯುವುದಿಲ್ಲ. ಮೇಷ್ಟ್ರು ಎಂದಿನಂತೆ ಪಿಸ್ತೂಲನ್ನಲ್ಲ, ಹೆಂಡತಿಯ ಮುಖವನ್ನು ನೋಡುತ್ತಾರೆ. ಆಕೆ ತಲೆಯಾಡಿಸಿದ ಮೇಲೆಯೇ ನರ್ಸ್ ಕೈಗೆ ಕೊಡುತ್ತಾರೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಫೋನು ಬಡಿದುಕೊಳ್ಳುತ್ತದೆ, ಆ ಕಡೆ ನರ್ಸ್. ಎತ್ತಿಕೊಂಡ ಹೆಂಡತಿ ಗಂಡನ ಕಿವಿಗೆ ಬಾಗಿ ಕೂಗುತ್ತಾರೆ: "ಪಾಸಾಯ್ತಂತೆ! ನಳಿಗೆ ಮುಚ್ಚಲ್ವಂತೆ! ಅಪ್ಪ ಚೆನ್ನಾಗಿ ಮಾತಾಡಿದ್ರು ಅಂತ ಹೇಳಿ ಅಂದ್ರು!"

ಮೇಷ್ಟ್ರಿಗೆ ಇರುವ ಆಸೆ ಒಂದೇ. "ಬೋರ್ಡಿನ ಮೇಲೆ ಇವಳ ಹೆಸರನ್ನೂ ಬರೆಸಬೇಕು."

"ಬೇಡಪ್ಪಾ. ಆಮೇಲೆ ಬಂದವರೆಲ್ಲ ನನ್ನ ಮುಂದೆ ಪಿಸ್ತೂಲು ಹಿಡಿದು ನಿಲ್ತಾರೆ," ಎಂದು ಆಕೆ ಬೆಂಚಿಗೆ ಒರಗುತ್ತಾರೆ. ಬೆಳಿಗ್ಗೆ ಮಾಡಿಟ್ಟ ಅಡುಗೆ ಒಲೆಯ ಮೇಲೇ ಆರಿಹೋಗಿದೆ.

ಮೇಷ್ಟ್ರು ಎದ್ದು ಸೋಪು ಹಚ್ಚಿ ಕೈ ತೊಳೆಯುತ್ತಾರೆ, ಇನ್ನೊಮ್ಮೆ ಹಚ್ಚಿ ತೊಳೆಯುತ್ತಾರೆ. ಒಳಗೆ ಹೋಗಿ ಅನ್ನ ಬಿಸಿ ಮಾಡಿ, ತಟ್ಟೆಗೆ ಬಡಿಸಿಕೊಂಡು ಬಂದು ಹೆಂಡತಿಯ ಕೈಗೆ ಕೊಡುತ್ತಾರೆ. ತಟ್ಟೆಯ ಅಂಚಿನಲ್ಲಿ ಸೀಮೆಎಣ್ಣೆಯ ವಾಸನೆ. ಆಕೆ ಅದನ್ನು ಒರೆಸುವುದಿಲ್ಲ.